ಟ್ಯಾಂಕಿನ ಮುಚ್ಚಳ

ಯಲಹಂಕದಾಚೆ ಮಾವನ ತೋಟದಲ್ಲಿ ಒಂದು ಹಳೇ ಫರ್ಗುಸನ್ ಟಿಇ20 ಇದೆ. ಪೆಟ್ರೋಲ್ ಟ್ರ್ಯಾಕ್ಟರ್. 1946ರಿಂದ 1956ರವರೆಗೆ ಬಂದ ಮಾಡೆಲ್, ವಯಸ್ಸಲ್ಲಿ ನನಗೆ ತಾತ ಆಗಬೇಕು. ಭಾನುವಾರ ಸ್ಟಾರ್ಟ್ ಆಯ್ತು, ಹತ್ತು ನಿಮಿಷ ಓಡಿತು, ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್, ಮತ್ತೆ ಅದೇ ಕಥೆ.

ಇದಕ್ಕೆ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕ್ ಮೇಲೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಕೆಳಗೆ, ಪೆಟ್ರೋಲ್ ತಾನಾಗೇ ಇಳಿಯಬೇಕು. ಮಧ್ಯದ ಗಾಜಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ಕಾಫಿ ಚರಟದ ಹಾಗೆ ತುಕ್ಕು, ಅದರ ಜೊತೆ ಗೋಲಿ ಥರ ಉರುಳಾಡುವ ನೀರಿನ ಹನಿ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಬೇರೆ ಇರುತ್ತೆ, ನೀರು ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಪೈಪನ್ನೂ ಹಾಳು ಮಾಡುತ್ತೆ. ಜಾಲರಿ ತೊಳೆದೆ, ಕಾರ್ಬುರೇಟರಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಊದಿದೆ, ಜೆ.ಸಿ. ರೋಡಿನಿಂದ ತಂದಿದ್ದ ಹೊಸ ಪೈಪ್ ಹಾಕಿದೆ. ಹತ್ತು ನಿಮಿಷ. ಮತ್ತೆ ಕೆಮ್ಮು!

ಮಾವ ಸುಮ್ನೆ ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಸ್ಸ್ ಅಂತ ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಸಣ್ಣ ತೂತಿಗೆ ಮಣ್ಣು ಕಟ್ಟಿಕೊಂಡಿತ್ತು. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಕೆಳಗೆ ಹೇಗೆ ಇಳಿಯುತ್ತೆ, ಅಲ್ವಾ? ಬೆಳಗ್ಗೆಯಿಂದ ಬರೀ ಬಗ್ಗಿ ಕೆಳಗೇ ನೋಡುತ್ತಿದ್ದೆ ನಾನು.

"ಅದಕ್ಕೂ ಉಸಿರಾಡಬೇಕಲ್ಲಪ್ಪ" ಅಂದರು ಮಾವ. ಹೆಂಡತಿಯ ಸೇಫ್ಟಿ ಪಿನ್ನಲ್ಲಿ ಒಂದು ನಿಮಿಷದ ಕೆಲಸ. ಪಿನ್ ಇನ್ನೂ ವಾಪಸ್ ಕೊಟ್ಟಿಲ್ಲ.