ಶಿಲುಬೆಯ ಮೇಲಿರುವವರು ಎಂಥ ರಾಜರು?

ನವೆಂಬರ್ ಕೊನೆಗೆ ಕ್ರಿಸ್ತರಾಜರ ಹಬ್ಬ ಬಂತೆಂದರೆ ಗೆಳೆಯರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಯೇಸುವನ್ನು ರಾಜ ಎನ್ನುತ್ತೀರಿ, ಕರುಣಾಮಯಿ ಎಂದೂ ಹಾಡುತ್ತೀರಿ. ರಾಜನಾದವನು ದಂಡಿಸಬೇಕಲ್ಲವೇ? ಕಂಡವರನ್ನೆಲ್ಲ ಕ್ಷಮಿಸುತ್ತ ಕೂತರೆ ಅದೆಂಥ ರಾಜ್ಯಭಾರ?”

ಮೊದಲೆಲ್ಲ “ಅದು ಈ ಲೋಕದ ರಾಜ್ಯವಲ್ಲ” ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ನಾನೇ ಒಂದು ಪ್ರಶ್ನೆ ಹಾಕುತ್ತೇನೆ. ಮರಣದಂಡನೆಗೆ ಗುರಿಯಾದ ಕೈದಿಯ ಅರ್ಜಿ ಕೊನೆಗೆ ಹೋಗುವುದು ಯಾರ ಬಳಿಗೆ? ಸಂವಿಧಾನದ 72ನೇ ವಿಧಿಯಂತೆ ರಾಷ್ಟ್ರಪತಿಗಳ ಬಳಿಗೆ. ಜೈಲಿನ ಕಾವಲುಗಾರನಿಗೂ ಕನಿಕರ ಹುಟ್ಟಬಹುದು, ಆದರೆ ಕ್ಷಮಾದಾನ ಅವನ ಕೈಯಲ್ಲಿಲ್ಲ. ದಂಡಿಸಬಲ್ಲವರು ಕ್ಷಮಿಸಿದರೇ ಆ ಕ್ಷಮೆಗೆ ತೂಕ.

ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಯೊಂದಿದೆ, ಅಂದರೆ ದೃಷ್ಟಾಂತ ಕಥೆ. ಸೇವಕನೊಬ್ಬ ತನ್ನ ಅರಸನಿಗೆ ಹತ್ತು ಸಾವಿರ ತಲಾಂತು ಬಾಕಿ ಉಳಿಸಿಕೊಂಡಿದ್ದ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ಗಳಿಕೆ. ಲೆಕ್ಕ ಹಾಕಿದರೆ 6 ಕೋಟಿ ದಿನಗಳ ಕೂಲಿ! ಒಂದು ದಿನವೂ ರಜೆ ಹಾಕದೆ ದುಡಿದರೂ ತೀರಿಸಲು ಒಂದೂವರೆ ಲಕ್ಷ ವರ್ಷಕ್ಕಿಂತ ಹೆಚ್ಚು ಬೇಕು. ಅವನೋ, ಸ್ವಲ್ಪ ತಾಳಿಕೊಳ್ಳಿ, ಎಲ್ಲ ತೀರಿಸುತ್ತೇನೆ ಎಂದು ಕಾಲಿಗೆ ಬೀಳುತ್ತಾನೆ. (ಸಾಲಗಾರರ ಮಾತು ಎರಡು ಸಾವಿರ ವರ್ಷಗಳಿಂದಲೂ ಬದಲಾಗಿಲ್ಲ.) ಅರಸ ಕಂತು ಗೊತ್ತು ಮಾಡಲಿಲ್ಲ, ಪೂರ್ತಿ ಮನ್ನಾ ಮಾಡಿದ. ಹೊರಗೆ ಬಂದ ಸೇವಕ, ತನಗೆ ಬರೀ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದ. ವಿಷಯ ತಿಳಿದ ಅರಸ ಮನ್ನಾವನ್ನೇ ಹಿಂತೆಗೆದುಕೊಂಡು ಅವನನ್ನು ಚಿತ್ರಹಿಂಸೆಗೆ ಒಪ್ಪಿಸಿದ.

ಈ ಮುಕ್ತಾಯ ಓದಿದಾಗಲೆಲ್ಲ ನನಗೆ ಇರುಸುಮುರುಸಾಗುತ್ತದೆ. ಆದರೆ ಗೆಳೆಯರ ಪ್ರಶ್ನೆಗೆ ಉತ್ತರ ಸಿಗುವುದೂ ಅಲ್ಲೇ. ಆರು ಕೋಟಿ ದಿನಗಳ ಕೂಲಿ ಮುಳುಗಿದಾಗ ಕೆರಳದ ಅರಸ, ನೂರು ದಿನದ ಕೂಲಿಗಾಗಿ ಒಬ್ಬನನ್ನು ಹಿಂಸಿಸಿದಾಗ ಕೆರಳಿದ. ಆ ರಾಜ್ಯದಲ್ಲಿ ಮೀರಬಾರದ ಕಾನೂನೆಂದರೆ ಕರುಣೆಯೇ.

ಹಬ್ಬವೇನೂ ಬಹಳ ಹಳೆಯದಲ್ಲ. ಹನ್ನೊಂದನೇ ಪಯಸ್ ಪೋಪರು ಅದನ್ನು ಸ್ಥಾಪಿಸಿದ್ದು 1925ರಲ್ಲಿ. ರಷ್ಯಾ, ಜರ್ಮನಿ, ಆಸ್ಟ್ರಿಯಾಗಳ ಸಿಂಹಾಸನಗಳು ಉರುಳಿಬಿದ್ದಿದ್ದವು, ಇಟಲಿಯಲ್ಲಿ ಮುಸೊಲಿನಿ ಮೆರೆಯುತ್ತಿದ್ದ. ಅಂಥ ಕಾಲದಲ್ಲಿ ಹುಟ್ಟಿದ ಈ ಹಬ್ಬದ ಬಲಿಪೂಜೆಯಲ್ಲಿ (ಚರ್ಚಿನ ಆರಾಧನೆಯಲ್ಲಿ) ಈಗ ಮೂರು ವರ್ಷಕ್ಕೊಮ್ಮೆ ಓದುವ ಪಾಠದಲ್ಲಿ ಸಿಂಹಾಸನವೇ ಇಲ್ಲ. ಲೂಕನ ಶುಭಸಂದೇಶದ 23ನೇ ಅಧ್ಯಾಯ: ಯೇಸುವಿನ ಎಡಬಲದ ಶಿಲುಬೆಗಳಲ್ಲಿ ಇಬ್ಬರು ಅಪರಾಧಿಗಳು, ಯೇಸುವಿನ ತಲೆಯ ಮೇಲೆ “ಇವನು ಯೆಹೂದ್ಯರ ಅರಸ” ಎಂಬ ಅಣಕದ ಬರಹ.

ಒಬ್ಬ ಅಪರಾಧಿ, ನೀನು ಕ್ರಿಸ್ತನಾದರೆ ನಿನ್ನನ್ನೂ ನಮ್ಮನ್ನೂ ಉಳಿಸು ಎಂದು ಮೂದಲಿಸಿದ. ಇನ್ನೊಬ್ಬ ತನಗಾದ ಶಿಕ್ಷೆ ನ್ಯಾಯವೆಂದೇ ಒಪ್ಪಿಕೊಂಡ; ನಿಮ್ಮ ರಾಜ್ಯಕ್ಕೆ ಬಂದಾಗ ನನ್ನನ್ನು ನೆನಪಿಸಿಕೊಳ್ಳಿ ಎಂದಷ್ಟೇ ಬೇಡಿದ. ಆ ಅಣಕದ ಬರಹವನ್ನು ನಿಜವೆಂದು ನಂಬಿ ಅರ್ಜಿ ಹಾಕಿದವನು ಅಲ್ಲಿ ಅವನೊಬ್ಬನೇ. ಇಂದೇ ನೀನು ನನ್ನೊಡನೆ ಪರಂಧಾಮದಲ್ಲಿರುವೆ ಎಂದು ಪಕ್ಕದ ಶಿಲುಬೆಯಿಂದ ಉತ್ತರ ಬಂತು.

ಆ ಅಪರಾಧಿಯನ್ನು ಯಾರೂ ಕೆಳಗಿಳಿಸಲಿಲ್ಲ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ಶುರುವಾಗುವ ಮೊದಲು, ಬೇಗ ಸಾಯಲೆಂದು ಸೈನಿಕರು ಬಂದು ಅವನ ಕಾಲುಗಳನ್ನು ಮುರಿದರು ಎಂದು ಇನ್ನೊಬ್ಬ ಶುಭಸಂದೇಶಕಾರ ಯೊವಾನ್ನನು ಬರೆಯುತ್ತಾನೆ.