ಕಲ್ಲಿನ ನೆತ್ತರು

ಮೊದಲ ಮಳೆ ಬಿದ್ದಾಗ ಮಣ್ಣು ಘಮ್ಮೆನ್ನುತ್ತೆ ಅಲ್ವಾ, ಆ ವಾಸನೆಗೆ ಇಂಗ್ಲಿಷಿನಲ್ಲಿ ಪೆಟ್ರಿಕೋರ್ ಅಂತಾರೆ. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಕಟ್ಟಿದ ಪದ. ಗ್ರೀಕಿನಲ್ಲಿ ಪೆಟ್ರಾ ಅಂದರೆ ಕಲ್ಲು, ಇಕೋರ್ ಅಂದರೆ ದೇವತೆಗಳ ಮೈಯಲ್ಲಿ ನೆತ್ತರಿನ ಬದಲು ಹರಿಯುವ ದ್ರವ. ಎಷ್ಟು ಚೆಂದ!

ಮೊದಲೆಲ್ಲ ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದ ಉರು ಹೊಡೆಯುತ್ತಿದ್ದೆ, ವಾರದೊಳಗೆ ಮರೆತುಹೋಗುತ್ತಿದ್ದವು. ಈಗ ನೋಟ್‌ಬುಕ್ಕಿನ ಒಂದು ಪುಟಕ್ಕೆ ಒಂದೇ ಪದ, ಅದರ ಬೇರು, ಅದೇ ಬೇರಿನ ನೆಂಟರು, ಕೆಳಗೆ ನನ್ನದೇ ಒಂದು ವಾಕ್ಯ. ಪೆಟ್ರಾ ಗೊತ್ತಾದ ಮೇಲೆ ಪೆಟ್ರೋಲಿಯಂ ಕಲ್ಲೆಣ್ಣೆಯಾಯಿತು, ಪೆಟ್ರಿಫೈ ಅಂದರೆ ಕಲ್ಲಾಗೋದು ಅಂತ ತಾನಾಗೇ ಹೊಳೆಯಿತು.

ಆಫೀಸಿನ ಮೇಲ್‌ನಲ್ಲಿ ಮಾತ್ರ ಪೆಟ್ರಿಕೋರ್‌ನಂಥ ಪದಗಳನ್ನು ಸುಮ್ನೆ ತುರುಕಬೇಡಿ, ಓದುವವರಿಗೆ ಕಷ್ಟ. ಮಳೆ ಬಂದ ಸಂಜೆ ಸ್ನೇಹಿತರಿಗೆ ಮೆಸೇಜ್ ಮಾಡುವಾಗ ಬಳಸಿ ನೋಡಿ.