ಕೆಂಪಿಲ್ಲದ ಓತಿಗಳೆಲ್ಲ ಹೆಣ್ಣಲ್ಲ

ಪುಣೆಯಲ್ಲಿ ನನ್ನ ಕೆಲಸ ಗುಡ್ಡ ಸುತ್ತುವುದು. ಇಲ್ಲಿ ಗುಡ್ಡಕ್ಕೆ ಟೇಕಡಿ ಅಂತಾರೆ. ಒಂದು ಸಣ್ಣ ತಂಡದ ಜೊತೆ ವೇತಾಳ ಟೇಕಡಿಯಲ್ಲಿ ಬೆಳಗ್ಗೆ ಓತಿಕ್ಯಾತಗಳನ್ನು ಎಣಿಸುತ್ತೇನೆ. ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ, ಗಂಡೋ ಹೆಣ್ಣೋ, ಇಷ್ಟು ಬರೆಯಬೇಕು.

ಗಂಡು ಗುರುತಿಸುವುದು ಸುಲಭ ಅಂದುಕೊಂಡಿದ್ದೆ. ಮಳೆಗಾಲದ ಹೊತ್ತಿಗೆ ಅದರ ತಲೆ, ಭುಜ ಕೆಂಪಾಗುತ್ತದೆ. ಗಂಟಲ ಪಕ್ಕ ಕಪ್ಪು ಮಚ್ಚೆ ಬರುತ್ತದೆ. ಕಲ್ಲಿನ ಮೇಲೆ ಕೂತು ದಂಡ ಹೊಡೆದ ಹಾಗೆ ಮೈ ಎತ್ತಿ ಇಳಿಸುತ್ತದೆ. ಕೆಂಪಿದ್ದರೆ ಗಂಡು, ಬರೀ ಕಂದು ಇದ್ದರೆ ಹೆಣ್ಣು. ಹಾಗೇ ಬರೆಯುತ್ತಾ ಹೋದೆ.

ಎರಡು ತಿಂಗಳಾದ ಮೇಲೆ ಲೆಕ್ಕ ಹಾಕಿದರೆ ಹೆಣ್ಣು ತುಂಬಾ ಜಾಸ್ತಿ. ಅದಕ್ಕೊಂದು ಕಾರಣವೂ ನನ್ನ ಹತ್ತಿರ ಇತ್ತು! ಈ ಓತಿಯ ಮೊಟ್ಟೆಯಲ್ಲಿ ಮರಿ ಗಂಡಾಗುವುದೋ ಹೆಣ್ಣಾಗುವುದೋ ಮಣ್ಣಿನ ಬಿಸಿಯ ಮೇಲೆ ನಿಂತಿದೆ ಎಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಸಂಶೋಧನೆ ಮಾಡಿ ಬರೆದಿದ್ದಾರೆ. ಪುಣೆಯ ಬಿಸಿಲಿನಿಂದಲೇ ಹೀಗಾಗಿದೆ ಅಂತ ಎರಡು ಪುಟದ ವರದಿ ಬರೆದೆ.

ನಮ್ಮ ಮೇಡಂ ಧಾರವಾಡದವರೇ. ವರದಿ ಪಕ್ಕಕ್ಕಿಟ್ಟು ನನ್ನ ಫೋಟೋಗಳನ್ನು ತೆಗೆದರು.

"ಇದು ಹೆಣ್ಣು ಅಂತ ಹೆಂಗ ಗೊತ್ತಾತು?"

"ಕೆಂಪಿಲ್ಲ ಮೇಡಂ."

"ಕೆಂಪಷ್ಟ ನೋಡೀರಿ. ಬಾಲದ ಬುಡ ನೋಡೀರೇನು?"

ನೋಡಿರಲಿಲ್ಲ. ಹಾವು, ಹಲ್ಲಿಗಳ ಹಾಗೆ ಗಂಡು ಓತಿಗೂ ಜನನಾಂಗ ಎರಡು. ಒಂದು ಸಲಕ್ಕೆ ಒಂದನ್ನೇ ಬಳಸುತ್ತದೆ. ಉಳಿದ ಹೊತ್ತು ಎರಡೂ ಬಾಲದ ಬುಡದೊಳಗೆ ಇರುತ್ತವೆ, ಅದಕ್ಕೇ ಅಲ್ಲಿ ಸ್ವಲ್ಪ ಉಬ್ಬಿರುತ್ತದೆ. ನಾನು ಹೆಣ್ಣು ಅಂತ ಬರೆದ ಎಷ್ಟೋ ಓತಿಗಳಿಗೆ ಆ ಉಬ್ಬು ಇತ್ತು. ಜಗಳದಲ್ಲಿ ಸೋತ ಗಂಡಿನ ಕೆಂಪು ಇಳಿದುಹೋಗುತ್ತದೆ. ಎಳೆಯ ಗಂಡಿಗೆ ಇನ್ನೂ ಬಂದೇ ಇರುವುದಿಲ್ಲ. ನನ್ನ ಕಾಗದದಲ್ಲಿ ಅವೆಲ್ಲ ಹೆಣ್ಣಾಗಿದ್ದವು.

ಆ ವಾರ ತುಂಬಾ ಓದಿದೆ. ಕ್ಯಾಲಿಫೋರ್ನಿಯಾದಲ್ಲಿ ಊಟಾ ಎಂಬ ಸಣ್ಣ ಹಲ್ಲಿಯಿದೆ. ಅದರ ಬಗ್ಗೆ ಬ್ಯಾರಿ ಸಿನರ್ವೋ ಮತ್ತು ಕರ್ಟಿಸ್ ಲೈವ್ಲಿ ಎಂಬ ವಿಜ್ಞಾನಿಗಳು 1996ರಲ್ಲಿ ಬರೆದರು. ಗಂಡುಗಳಲ್ಲೇ ಮೂರು ಬಗೆ. ಕಿತ್ತಳೆ ಗಂಟಲಿನದು ದೊಡ್ಡ ಜಾಗ ಹಿಡಿದು ನೀಲಿಯದನ್ನು ಓಡಿಸುತ್ತದೆ. ನೀಲಿಯದು ತನ್ನ ಹೆಣ್ಣನ್ನು ಕಾಯುತ್ತಾ ಹಳದಿಯದನ್ನು ತಡೆಯುತ್ತದೆ. ಹಳದಿಯದು ಜಾಗವನ್ನೇ ಹಿಡಿಯುವುದಿಲ್ಲ. ಹೆಣ್ಣಿನ ಹಾಗೆ ಕಾಣುತ್ತಾ ಕಿತ್ತಳೆಯ ಜಾಗಕ್ಕೆ ನುಸುಳಿ ಅಲ್ಲಿನ ಹೆಣ್ಣನ್ನು ಕೂಡಿ ಹೋಗುತ್ತದೆ. ಒಂದನ್ನೊಂದು ಸೋಲಿಸುತ್ತಾ ಮೂರೂ ಉಳಿದುಕೊಂಡಿವೆ. ಓದಿ ಸುಮ್ನೆ ಕೂತುಬಿಟ್ಟೆ. ಆ ಕಿತ್ತಳೆ ಗಂಡು ಮಾಡುವ ತಪ್ಪನ್ನೇ ನಾನು ಟೇಕಡಿಯಲ್ಲಿ ಮಾಡಿದ್ದೆ ಅಲ್ವಾ?

ದೂರ ಯಾಕೆ, ಸಾತಾರಾ ಹತ್ತಿರದ ಚಾಳಕೇವಾಡಿಯಲ್ಲಿ ಗಂಟಲಿಗೆ ಬೀಸಣಿಗೆಯಂಥ ಚರ್ಮ ಇರುವ ಓತಿಯಿದೆ. 2016ರಲ್ಲಿ ಅದರ ಕುಲಕ್ಕೆ ಓತಿಗೆ ಮರಾಠಿಯಲ್ಲಿರುವ ಮಾತನ್ನೇ ತೆಗೆದುಕೊಂಡು ಸರಡಾ ಎಂದು ಹೆಸರಿಟ್ಟರು. ನನಗೆ ಆ ಹೆಸರು ತುಂಬಾ ಇಷ್ಟ. ಅಲ್ಲಿನ ಗಾಳಿಯಂತ್ರಗಳ ಸುತ್ತ ಬೇಟೆ ಹಕ್ಕಿ ಕಡಿಮೆ, ಓತಿ ಜಾಸ್ತಿ. 2018ರಲ್ಲಿ ಬಂದ ಅಧ್ಯಯನದ ಪ್ರಕಾರ ಅಲ್ಲಿನ ಗಂಡುಗಳ ಬಣ್ಣ ಮಂಕು. ಒಂದೇ ಜಾತಿ, ಬದಲಾದದ್ದು ಸುತ್ತಲಿನ ಬದುಕು. ನನ್ನ ಹಾಗೆ ಬಣ್ಣ ನಂಬಿ ಬರೆಯುವವನು ಅಲ್ಲಿ ಹೋದರೆ ಗತಿ ಏನು?

ಈಗ ನಮ್ಮ ಕಾಗದದಲ್ಲಿ ಬಣ್ಣಕ್ಕೇ ಬೇರೆ ಕಾಲಂ ಇದೆ. ಗಂಡು, ಹೆಣ್ಣು ಪಕ್ಕದಲ್ಲಿ 'ತಿಳಿಯಲಿಲ್ಲ' ಅಂತ ಮೂರನೆಯದಿದೆ. ಮೊದಲ ವಾರ ಅದೇ ಜಾಸ್ತಿ ತುಂಬಿತು. ಮೇಡಂ ಒಂದು ಮಾತೂ ಅನ್ನಲಿಲ್ಲ.

ಹಳೆಯ ದಾಖಲೆಗಳಲ್ಲಿ ಬಾಲದ ಬುಡ ಕಾಣುವ ಫೋಟೋ ಇರುವುದನ್ನಷ್ಟೇ ಉಳಿಸಿಕೊಂಡೆವು. ಮಿಕ್ಕಿದ್ದನ್ನು ನಾನೇ ಕೂತು ಅಳಿಸಿದೆ. ಎರಡು ತಿಂಗಳ ಬೆಳಗಿನ ನಡಿಗೆ ಅದು. ಹೊಟ್ಟೆ ಉರಿಯಿತು. ಮರುದಿನ ಆರೂವರೆಗೆ ಮತ್ತೆ ಟೇಕಡಿ ಹತ್ತಿದೆ.